ಚರ್ಚಿನ ಅಂಗಳದಿಂದಲೇ ನ್ಯಾಯದ ಪಾಠ: ಹದಿಹರೆಯದವರ ಯುವಜನ ಸಂಘವನ್ನು ಅಣಿಗೊಳಿಸುವ ಬಗೆ

ಕ್ರಿಸ್ಮಸ್ ಹತ್ತಿರವಾದಂತೆ ನಮ್ಮ ಚರ್ಚುಗಳ ಯುವಜನ ಸಂಘಗಳು ಕಂಬಳಿ, ಕೇಕು, ಹಣ್ಣುಗಳನ್ನು ಹಿಡಿದು ಅನಾಥಾಶ್ರಮಕ್ಕೋ ವೃದ್ಧಾಶ್ರಮಕ್ಕೋ ಹೋಗಿಬರುತ್ತವೆ. ಅದು ಒಳ್ಳೆಯ ಕೆಲಸ, ನಿಲ್ಲಿಸಬೇಕಾಗಿಲ್ಲ. ಆದರೆ ಹಿಂದಿರುಗುವ ದಾರಿಯಲ್ಲಿ ಹದಿನೈದರ ಹುಡುಗಿಯೊಬ್ಬಳು ‘ಇವರಿಗೆ ಈ ಸ್ಥಿತಿ ಏಕೆ ಬಂತು’ ಎಂದು ಕೇಳಿದರೆ, ಆ ಪ್ರಶ್ನೆಯನ್ನು ಎತ್ತಿಕೊಂಡು ಚರ್ಚಿಸಲು ನಮ್ಮ ವಾರದ ಕೂಟದಲ್ಲಿ ಸಾಮಾನ್ಯವಾಗಿ ಜಾಗವಿರುವುದಿಲ್ಲ. ದಾನ ಆ ಹೊತ್ತಿನ ಹಸಿವನ್ನು ನೀಗಿಸುತ್ತದೆ. ಹಸಿವು ಎಲ್ಲಿಂದ ಬಂತೆಂದು ಕೇಳುವುದು ನ್ಯಾಯದ ಕೆಲಸ. ಆ ಕೇಳುವಿಕೆಯನ್ನು ಮಕ್ಕಳಿಗೆ ಹೇಗೆ ಕಲಿಸಬಹುದು ಎಂಬುದನ್ನು ಪೌರಕಾರ್ಮಿಕರ ಬದುಕನ್ನು ಉದಾಹರಣೆಯಾಗಿಟ್ಟುಕೊಂಡು ಇಲ್ಲಿ ವಿವರಿಸಲಾಗಿದೆ.

ಮೊದಲಿಗೆ ಗುಂಪು ಮತ್ತು ಕಾಲ

ಎಂಟನೆಯ ತರಗತಿಯಿಂದ ದ್ವಿತೀಯ ಪಿಯುಸಿವರೆಗಿನ ಹನ್ನೆರಡು ಹದಿನೈದು ಮಕ್ಕಳು ಸಾಕು. ಶಾಲೆ ಆರಂಭವಾಗುವ ಜೂನ್‌ನಲ್ಲೇ ತೊಡಗಿ ಡಿಸೆಂಬರ್ ಒಳಗೆ ಮುಖ್ಯ ಕೆಲಸ ಮುಗಿಯುವಂತೆ ಯೋಜಿಸಬೇಕು, ಏಕೆಂದರೆ ಜನವರಿಯ ನಂತರ ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿಯವರನ್ನು ಅವರ ಪೋಷಕರು ಮನೆಯಿಂದ ಬಿಡುವುದಿಲ್ಲ, ಬಿಡಬೇಕೆಂದು ನಾವು ಒತ್ತಾಯಿಸುವುದೂ ಸರಿಯಲ್ಲ. ಸಭಾಪಾಲಕರ ಅಥವಾ ಧರ್ಮಕೇಂದ್ರದ ಗುರುಗಳ ಒಪ್ಪಿಗೆ, ಸಭೆಯ ಸಮಿತಿಯ ನಿರ್ಣಯ, ಪ್ರತಿ ಮಗುವಿನ ಪೋಷಕರ ಸಹಿ ಇರುವ ಪತ್ರ, ಇವು ಮೂರೂ ಮೊದಲೇ ಕೈಯಲ್ಲಿರಲಿ. ಹೊರಗೆ ಹೋಗುವಾಗಲೆಲ್ಲ ಒಬ್ಬ ಪುರುಷ ಮತ್ತು ಒಬ್ಬ ಮಹಿಳೆ, ಹೀಗೆ ಇಬ್ಬರು ಹಿರಿಯರು ಜೊತೆಗಿರಬೇಕು. ಹದಿನೆಂಟರೊಳಗಿನ ಯಾರ ಮೇಲಾದರೂ ಲೈಂಗಿಕ ದೌರ್ಜನ್ಯ ನಡೆದಿರುವುದು ತಿಳಿದುಬಂದರೆ ಅದನ್ನು ಪೊಲೀಸರಿಗೆ ವರದಿ ಮಾಡುವುದು 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಕಡ್ಡಾಯ ಎಂಬುದು ಆ ಹಿರಿಯರಿಗೆ ಗೊತ್ತಿರಬೇಕು. ಮಕ್ಕಳ ಸಹಾಯವಾಣಿ 1098 ಮಕ್ಕಳಿಗೂ ಬಾಯಿಪಾಠವಾಗಿರಬೇಕು.

ವರ್ಷಕ್ಕೆ ಒಂದೇ ಪ್ರಶ್ನೆ

ಒಂದು ವಾರ ಪರಿಸರ, ಮುಂದಿನ ವಾರ ಮದ್ಯಪಾನ, ಅದರ ಮುಂದಿನ ವಾರ ಬಾಲಕಾರ್ಮಿಕತೆ ಎಂದು ಓಡಿದರೆ ಮಕ್ಕಳಿಗೆ ಭಾಷಣ ಮಾಡುವ ಅಭ್ಯಾಸವಾಗುತ್ತದೆಯೇ ಹೊರತು ಒಂದು ಅನ್ಯಾಯದ ಬೇರು ಎಲ್ಲಿದೆಯೆಂದು ತಿಳಿಯುವುದಿಲ್ಲ. ಬೆಲ್ಜಿಯಂನ ಪಾದ್ರಿ ಜೋಸೆಫ್ ಕಾರ್ಡೈನ್ ಅವರು 1925ರಲ್ಲಿ ಯುವ ಕ್ರೈಸ್ತ ಕಾರ್ಮಿಕರ ಚಳವಳಿಯನ್ನು ಕಟ್ಟಿದಾಗ ಕಾರ್ಖಾನೆಗಳ ಹುಡುಗ ಹುಡುಗಿಯರಿಗೆ ಕಲಿಸಿದ್ದು ಮೂರು ಹಂತಗಳ ಕ್ರಮ: ನೋಡುವುದು, ವಿವೇಚಿಸುವುದು, ಕಾರ್ಯಕ್ಕಿಳಿಯುವುದು. ಪೋಪ್ ಇಪ್ಪತ್ತಮೂರನೆಯ ಜಾನ್ 1961ರ ತಮ್ಮ ವಿಶ್ವಪತ್ರದಲ್ಲಿ ಈ ಕ್ರಮವನ್ನು ಯುವಜನರಿಗೆ ಶಿಫಾರಸು ಮಾಡಿದರು. ನಮ್ಮ ಕಥೋಲಿಕ ಧರ್ಮಕೇಂದ್ರಗಳ ವೈಸಿಎಸ್ (ಯುವ ಕ್ರೈಸ್ತ ವಿದ್ಯಾರ್ಥಿಗಳ) ಗುಂಪುಗಳಿಗೆ ಇದು ಪರಿಚಿತ. ಸಿಎಸ್‌ಐ, ಮೆಥೋಡಿಸ್ಟ್ ಮುಂತಾದ ಪ್ರೊಟೆಸ್ಟೆಂಟ್ ಸಭೆಗಳ ಗುಂಪುಗಳೂ ನಿಸ್ಸಂಕೋಚವಾಗಿ ಬಳಸಬಹುದು. ಪ್ರಶ್ನೆಯನ್ನು ಮಕ್ಕಳೇ ಆರಿಸಲಿ, ಆದರೆ ಅದು ಅವರು ನಡೆದುಹೋಗಿ ನೋಡಬಲ್ಲಷ್ಟು ಹತ್ತಿರದ್ದಾಗಿರಲಿ. ‘ನಮ್ಮ ಬೀದಿಯನ್ನು ಗುಡಿಸುವವರು ಎಂಥ ಸ್ಥಿತಿಯಲ್ಲಿ ದುಡಿಯುತ್ತಿದ್ದಾರೆ’ ಎಂಬುದು ಅಂಥದೊಂದು ಪ್ರಶ್ನೆ.

ನೋಡುವುದು: ಮೊದಲು ನಮ್ಮ ಗೇಟಿನೊಳಗೆ

ಹೆಚ್ಚು ಕಾಲ ಕೊಡಬೇಕಾದದ್ದು ಈ ಹಂತಕ್ಕೆ, ಮತ್ತು ಹೆಚ್ಚಿನ ಗುಂಪುಗಳು ಹಾರಿಬಿಡುವುದೂ ಇದನ್ನೇ. ಬೀದಿಗೆ ಹೋಗುವ ಮೊದಲು ಮಕ್ಕಳು ತಮ್ಮ ಚರ್ಚನ್ನೇ ನೋಡಲಿ. ಆರಾಧನೆಗೆ ಮುಂಚೆ ಬೆಂಚುಗಳನ್ನು ಒರೆಸುವವರು ಯಾರು? ಶೌಚಾಲಯ ತೊಳೆಯುವವರಿಗೆ ತಿಂಗಳಿಗೆ ಎಷ್ಟು ಸಂಬಳ, ಅದು ಕೊನೆಯ ಬಾರಿ ಏರಿದ್ದು ಯಾವಾಗ, ವಾರದ ರಜೆ ಇದೆಯೇ, ಭವಿಷ್ಯ ನಿಧಿ ಇದೆಯೇ? ಮಧ್ಯಾಹ್ನದ ಊಟವನ್ನು ಅವರು ಎಲ್ಲಿ ಕುಳಿತು ಮಾಡುತ್ತಾರೆ? ಕಾವಲುಗಾರರಿಗೆ ಮಳೆಗಾಲದಲ್ಲಿ ನಿಲ್ಲಲು ಜಾಗವಿದೆಯೇ? ಈ ಪ್ರಶ್ನೆಗಳಿಂದ ಸಮಿತಿಯ ಕೆಲವರಿಗೆ ಮುಜುಗರವಾಗಬಹುದು. ಆದರೂ ಇಲ್ಲಿಂದಲೇ ತೊಡಗಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ನಮ್ಮ ಮನೆಯ ಲೆಕ್ಕ ತೆರೆದಿಡದೆ ನಗರಸಭೆಯ ಲೆಕ್ಕ ಕೇಳುವ ಹಕ್ಕು ನಮಗೆ ಬರುವುದಿಲ್ಲ, ಮತ್ತು ಮಕ್ಕಳು ಈ ವ್ಯತ್ಯಾಸವನ್ನು ನಮಗಿಂತ ಬೇಗ ಕಂಡುಹಿಡಿಯುತ್ತಾರೆ.

ಜಾತಿಯ ಮಾತನ್ನೂ ಇಲ್ಲಿಯೇ ಎತ್ತಬೇಕು. ಸ್ವಚ್ಛತೆಯ ಕೆಲಸಕ್ಕೂ ಜಾತಿಗೂ ಇರುವ ನಂಟನ್ನು ಬಿಟ್ಟು ಪೌರಕಾರ್ಮಿಕರ ಬಗ್ಗೆ ಮಾತನಾಡಲು ಸಾಧ್ಯವಿಲ್ಲ, ಮತ್ತು ಕ್ರೈಸ್ತರಲ್ಲಿ ಜಾತಿ ಇಲ್ಲವೆಂದು ಮಕ್ಕಳಿಗೆ ಹೇಳುವುದು ಸುಳ್ಳಾಗುತ್ತದೆ. 1950ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿಯ ಸ್ಥಾನವನ್ನು ಹಿಂದೂಗಳಿಗೆ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಲಾಯಿತು, ದಲಿತ ಕ್ರೈಸ್ತರು ಹೊರಗೇ ಉಳಿದರು. ಸರ್ಕಾರವನ್ನು ಪ್ರಶ್ನಿಸುವ ಈ ವಿಷಯದ ಜೊತೆಗೇ ನಮ್ಮನ್ನು ಪ್ರಶ್ನಿಸುವ ವಿಷಯವೂ ಇದೆ: ನಮ್ಮ ಸಮಾಧಿ ಭೂಮಿಯಲ್ಲಿ, ಸಮಿತಿಯಲ್ಲಿ, ಮದುವೆಯ ಮಾತುಕತೆಯಲ್ಲಿ ಯಾರು ಎಲ್ಲಿ ನಿಲ್ಲುತ್ತಾರೆ? ನವೆಂಬರ್ ತಿಂಗಳಲ್ಲಿ ಆಚರಿಸುವ ದಲಿತ ವಿಮೋಚನಾ ಭಾನುವಾರದ ಆರಾಧನೆಯನ್ನು ಈ ಗುಂಪಿಗೇ ಒಪ್ಪಿಸಬಹುದು.

ಬಳಿಕ ಬೀದಿ. ಬೆಳಗ್ಗೆ ಆರರ ಹೊತ್ತಿಗೆ ಮೂರು ನಾಲ್ಕು ಮಕ್ಕಳ ಚಿಕ್ಕ ತಂಡ ಹೋಗಲಿ, ಇಡೀ ಗುಂಪು ಬೇಡ. ಮೊದಲ ಭೇಟಿಯಲ್ಲಿ ಪರಿಚಯ ಮಾತ್ರ. ಪ್ರಶ್ನೆ ಎರಡನೆಯ ಭೇಟಿಗೆ, ಅದೂ ಅವರ ಕೆಲಸಕ್ಕೆ ಅಡ್ಡಿಯಾಗದ ವೇಳೆಯಲ್ಲಿ. ‘ಅಕ್ಕಾ, ಅಣ್ಣಾ’ ಎಂದು ಕರೆದು, ಹೆಸರು ಕೇಳಿ, ತಮ್ಮ ಹೆಸರು ಹೇಳಿ ಮಾತಿಗೆ ತೊಡಗಲಿ. ಕೈಗವಸು ಕೊಟ್ಟಿದ್ದಾರೆಯೇ, ಕೊಟ್ಟದ್ದು ಹಾಕಿಕೊಳ್ಳಲು ಬರುವಂಥದೇ, ಹೆಣ್ಣುಮಕ್ಕಳು ಶೌಚಕ್ಕೆ ಎಲ್ಲಿ ಹೋಗುತ್ತಾರೆ, ಸಂಬಳ ಯಾವ ತಾರೀಖಿಗೆ ಕೈಸೇರುತ್ತದೆ, ನಮ್ಮ ಮನೆಗಳ ಕಸದಲ್ಲಿ ಅವರ ಕೈಗೆ ಗಾಯ ಮಾಡುವಂಥದ್ದು ಏನೇನಿರುತ್ತದೆ ಎಂಬುದನ್ನೆಲ್ಲ ಕೇಳಿ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಲಿ. ಫೋಟೊ ಬೇಡ, ವಿಡಿಯೊ ಬೇಡ, ವಾಟ್ಸ್ಆ್ಯಪ್ ಸ್ಟೇಟಸ್ ಅಂತೂ ಬೇಡವೇ ಬೇಡ. ಧರ್ಮಪ್ರಚಾರದ ಕರಪತ್ರಗಳನ್ನೂ ಒಯ್ಯಬಾರದು. ಅವರ ಕಷ್ಟವನ್ನು ಕೇಳಲು ಹೋದವರು ಬೇರೆ ಉದ್ದೇಶವನ್ನು ಚೀಲದಲ್ಲಿಟ್ಟುಕೊಂಡು ಹೋಗುವುದು ಅವರಿಗೆ ಮಾಡುವ ಅಗೌರವ.

ವಿವೇಚಿಸುವುದು: ಒಂದು ಕೈಯಲ್ಲಿ ಬೈಬಲ್, ಇನ್ನೊಂದರಲ್ಲಿ ಕಾನೂನು

ಕಂಡದ್ದನ್ನೆಲ್ಲ ಹಲಗೆಯ ಮೇಲೆ ಬರೆದು, ಅದರ ಎದುರಿಗೆ ಧರ್ಮೋಪದೇಶಕಾಂಡದ 24ನೆಯ ಅಧ್ಯಾಯವನ್ನು ಓದಿಸಿರಿ. ಕೂಲಿಯವನು ಸ್ವಜನನಾಗಿರಲಿ ಪರದೇಶದವನಾಗಿರಲಿ, ಆ ದಿನದ ಕೂಲಿಯನ್ನು ಹೊತ್ತು ಮುಳುಗುವುದರೊಳಗೆ ಕೊಡಬೇಕೆಂದು ಅಲ್ಲಿ ವಿಧಿಸಲಾಗಿದೆ. ತಡೆಹಿಡಿದ ಕೂಲಿ ತಾನೇ ಕೂಗಿಕೊಳ್ಳುತ್ತದೆ ಎಂಬ ಯಾಕೋಬನ ಪತ್ರದ 5ನೆಯ ಅಧ್ಯಾಯದ ಮಾತನ್ನು, ಎರಡು ತಿಂಗಳ ಸಂಬಳ ಬಾಕಿಯಿದೆ ಎಂದ ಹೆಂಗಸಿನ ಮಾತನ್ನು ಕೇಳಿ ಬಂದ ಮಕ್ಕಳು ಬೇರೆಯೇ ರೀತಿಯಲ್ಲಿ ಓದುತ್ತಾರೆ. ಇಲ್ಲಿ ಹಿರಿಯರು ಪ್ರಸಂಗ ಮಾಡಬಾರದು. ಮೌನ ಬಿದ್ದರೂ ತಾಳ್ಮೆಯಿಂದ ಕಾಯಬೇಕು.

ಅದೇ ಕೂಟದಲ್ಲಿ ಸರ್ಕಾರದ ಕನಿಷ್ಠ ವೇತನದ ಪಟ್ಟಿಯನ್ನೂ ಓದಲಿ. ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆಯು ಸುರಕ್ಷಾ ಸಾಧನಗಳಿಲ್ಲದೆ ಯಾರನ್ನೂ ಒಳಚರಂಡಿಗೆ ಇಳಿಸುವುದನ್ನು ಅಪರಾಧವೆನ್ನುತ್ತದೆ. ಹಾಗೆ ಇಳಿದು ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಬೇಕೆಂದು 2014ರಲ್ಲಿ ಆದೇಶಿಸಿದ್ದ ಸುಪ್ರೀಂ ಕೋರ್ಟ್, 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಬೆಜವಾಡ ವಿಲ್ಸನ್ ಅವರ ಕಥೆಯನ್ನು ಹೇಳಲೂ ಇದೇ ಸಮಯ. ಕೋಲಾರದ ಚಿನ್ನದ ಗಣಿಯ ಕಾಲೊನಿಯಲ್ಲಿ ಹುಟ್ಟಿದ ಅವರು 1986ರಲ್ಲಿ ಮಲ ಹೊರುವ ಪದ್ಧತಿಯ ವಿರುದ್ಧ ಹೋರಾಟ ಆರಂಭಿಸಿದ್ದು ಗಣಿಯ ಅಧಿಕಾರಿಗಳಿಗೂ ಸರ್ಕಾರಕ್ಕೂ ಪತ್ರ ಬರೆಯುವ ಮೂಲಕ. 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಪತ್ರ ಬರೆಯುವುದು ಹದಿನೈದರ ಮಕ್ಕಳಿಗೂ ಸಾಧ್ಯವಿರುವ ಕೆಲಸ.

ಕಾರ್ಯಕ್ಕಿಳಿಯುವುದು

ಮೊದಲ ಪತ್ರ ನಮ್ಮ ಸಭೆಯ ಸಮಿತಿಗೇ ಹೋಗಲಿ: ಸ್ವಚ್ಛತೆಯ ಕೆಲಸದವರಿಗೆ ಕನಿಷ್ಠ ವೇತನ, ವಾರದ ರಜೆ, ಕುಳಿತು ಉಣ್ಣಲು ಜಾಗ. ಎರಡನೆಯದು ನಗರಸಭೆಗೆ ಅಥವಾ ಗ್ರಾಮ ಪಂಚಾಯಿತಿಯ ಪಿಡಿಒಗೆ. ಅದನ್ನು ಕಳುಹಿಸುವ ಮೊದಲು ಪೌರಕಾರ್ಮಿಕರಿಗೆ ಓದಿ ಹೇಳಿ, ಅವರು ಬೇಡವೆಂದ ಸಾಲನ್ನು ಹೊಡೆದುಹಾಕಬೇಕು, ಏಕೆಂದರೆ ಗುತ್ತಿಗೆದಾರನ ಸಿಟ್ಟನ್ನು ಎದುರಿಸಬೇಕಾದವರು ಅವರು, ನಾವಲ್ಲ. ಉತ್ತರ ಬಾರದಿದ್ದರೆ ಹಿರಿಯರೊಬ್ಬರ ಹೆಸರಿನಲ್ಲಿ ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ ಮೇಲೆ 150 ಪದಗಳೊಳಗಿರಬೇಕು, ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನಗಳ ಗಡುವು. 150 ಪದಗಳಲ್ಲಿ ಖಚಿತವಾಗಿ ಪ್ರಶ್ನೆ ಬರೆಯುವ ಆ ಅಭ್ಯಾಸವೇ ಮಕ್ಕಳಿಗೆ ಒಂದು ಶಿಕ್ಷಣ. ಹಳ್ಳಿಗಳಲ್ಲಿ ಮಕ್ಕಳ ಗ್ರಾಮ ಸಭೆ ಇನ್ನೂ ನೇರವಾದ ದಾರಿ. ಹದಿನೆಂಟಾಗದವರೂ ಅಲ್ಲಿ ಎದ್ದು ನಿಂತು ಪಂಚಾಯಿತಿಯನ್ನು ಕೇಳಬಹುದು.

ಸೆಪ್ಟೆಂಬರ್ 23ರಂದು ರಾಜ್ಯದಲ್ಲಿ ಪೌರಕಾರ್ಮಿಕರ ದಿನಾಚರಣೆ ನಡೆಯುತ್ತದೆ. ಶಾಲು ಹೊದಿಸಿ ಕಳುಹಿಸುವ ಬದಲು ಅಂದು ಚರ್ಚಿನ ಸಭಾಂಗಣದಲ್ಲಿ ಅವರನ್ನು ಮಾತನಾಡಲು ಕರೆಯಿರಿ, ಸಭೆಯವರು ಕೇಳುವವರಾಗಿ ಕೂರಲಿ. ಇದರ ಜೊತೆಗೆ ಪ್ರತಿ ಮಗುವೂ ತನ್ನ ಮನೆಯಲ್ಲಿ ಹಸಿ ಕಸ, ಒಣ ಕಸ ಬೇರ್ಪಡಿಸುವ ಹೊಣೆಯನ್ನೂ, ಒಡೆದ ಗಾಜು ಮತ್ತು ಬ್ಲೇಡುಗಳನ್ನು ಕಾಗದದಲ್ಲಿ ಸುತ್ತಿ ಗುರುತು ಹಾಕಿ ಕೊಡುವ ಹೊಣೆಯನ್ನೂ ಹೊರಬೇಕು.

ಲೆಕ್ಕ ಒಪ್ಪಿಸುವುದು

ಡಿಸೆಂಬರಿನ ಒಂದು ಭಾನುವಾರ ಆರಾಧನೆಯ ಕೊನೆಯಲ್ಲಿ ಹತ್ತು ನಿಮಿಷ ಕೇಳಿಕೊಂಡು, ಮಕ್ಕಳೇ ವರದಿ ಓದಲಿ: ಏನು ಕಂಡೆವು, ಯಾರಿಗೆ ಬರೆದೆವು, ಯಾರು ಉತ್ತರಿಸಲಿಲ್ಲ, ಚರ್ಚಿನೊಳಗೆ ಏನು ಬದಲಾಯಿತು. ಆಗದೆ ಉಳಿದದ್ದನ್ನು ಮುಚ್ಚಿಡಬಾರದು. ಆ ವರದಿಯ ಪ್ರತಿಯನ್ನು ಪೌರಕಾರ್ಮಿಕರಿಗೂ ತಲುಪಿಸಬೇಕು. ದ್ವಿತೀಯ ಪಿಯುಸಿ ಮುಗಿಸಿ ಹೊರಡುವವರು ನೋಟ್‌ಬುಕ್ಕುಗಳನ್ನೂ ಪತ್ರಗಳ ಪ್ರತಿಗಳನ್ನೂ ಒಂಬತ್ತನೆಯ ತರಗತಿಯವರ ಕೈಗೆ ಒಪ್ಪಿಸಿ, ಮುಂದಿನ ಜೂನ್‌ನ ಮೊದಲ ಕೂಟಕ್ಕೆ ಒಮ್ಮೆ ಬಂದು ಅವರೊಂದಿಗೆ ಕುಳಿತು ಹೋಗಲಿ.