ಕೋಳಿಮರಿ ಮಾಡಿಸಲು ತಕ್ಕಡಿ ಯಾಕೆ ಬೇಕು

ಮನೆಯಲ್ಲೇ ಮೊಟ್ಟೆ ಕಾವಿಗಿಟ್ಟು ಮರಿ ಮಾಡಿಸಲು ಹೊರಟವರು ಮೊದಲು ಕೇಳುವುದು ಶಾಖ ಎಷ್ಟಿರಬೇಕು, ತೇವಾಂಶ ಎಷ್ಟಿರಬೇಕು ಅಂತ. ಉತ್ತರ ಸುಲಭ. ಫ್ಯಾನ್ ಇರುವ ಪೆಟ್ಟಿಗೆಯಲ್ಲಿ 37.5 ಡಿಗ್ರಿ ಸೆಲ್ಸಿಯಸ್. ಮೊದಲ 18 ದಿನ ತೇವಾಂಶ 45ರಿಂದ 55%, ಕೊನೆಯ ಮೂರು ದಿನ 65ರಿಂದ 70%. ಇಷ್ಟು ಗೊತ್ತಿದ್ದೂ ಹನ್ನೆರಡು ಮೊಟ್ಟೆಗೆ ಮೂರೋ ನಾಲ್ಕೋ ಮರಿ ಬರುವುದುಂಟು. ತಪ್ಪು ಆ ಅಂಕಿಗಳದ್ದಲ್ಲ, ಅವನ್ನು ತೋರಿಸುವ ಮೀಟರುಗಳದ್ದು. ಅಗ್ಗದ ತೇವಾಂಶ ಮೀಟರು ಹತ್ತು ಅಂಕಿ ಆಚೀಚೆ ತೋರಿಸುವುದು ಮಾಮೂಲಿ. ಅದಕ್ಕೇ ನಾನು ಮೀಟರಿಗಿಂತ ಮೊಟ್ಟೆಯ ತೂಕವನ್ನು ನಂಬುತ್ತೇನೆ. ಆ ಲೆಕ್ಕಕ್ಕೆ ಮುಂದೆ ಬರುತ್ತೇನೆ.

ಮೊದಲು ಮೊಟ್ಟೆ. ಎಂಟು-ಹತ್ತು ಹೇಟೆಗೆ ಒಂದು ಹುಂಜ ಇರುವ ಹಿಂಡಿನದ್ದಾದರೆ ಒಳ್ಳೆಯದು. ಹಿಂಡಿಗೆ ಬೇರೆ ಹುಂಜ ಬಿಟ್ಟು ಅದರ ಮರಿಯೇ ಬೇಕೆಂದಿದ್ದರೆ ಮೂರು ವಾರ ಕಾಯುತ್ತೇನೆ, ಏಕೆಂದರೆ ಹಳೆಯ ಹುಂಜದ ವೀರ್ಯ ಹೇಟೆಯ ಒಡಲಲ್ಲಿ ಎರಡು ವಾರದಷ್ಟು ಕಾಲ ಜೀವಂತವಾಗಿ ಉಳಿಯುತ್ತದೆ. ತೀರಾ ದೊಡ್ಡದು, ತೀರಾ ಚಿಕ್ಕದು, ಎರಡೂ ತುದಿ ಒಂದೇ ಥರ ಇರುವುದು, ಚಿಪ್ಪಿನ ಮೇಲೆ ಸುಣ್ಣದ ಗಂಟು ಇರುವುದು ಬೇಡ. ಕೂದಲೆಳೆಯ ಬಿರುಕು ಬರಿಗಣ್ಣಿಗೆ ಕಾಣದು. ಎರಡು ಮೊಟ್ಟೆ ಮೆಲ್ಲಗೆ ತಾಗಿಸಿದರೆ ಒಡಕು ಸದ್ದು ಬರುತ್ತದೆ. ಹಿಕ್ಕೆ ಅಂಟಿದ ಮೊಟ್ಟೆಯನ್ನು ನಾನು ತೊಳೆಯುವುದಿಲ್ಲ. ತೊಳೆದರೆ ಚಿಪ್ಪಿನ ಮೇಲಿನ ತೆಳು ರಕ್ಷಾಪೊರೆ ಹೋಗುತ್ತದೆ. ತಣ್ಣೀರಾದರೆ ಇನ್ನೂ ಕೆಟ್ಟದ್ದು: ಒಳಗಿನ ಲೋಳೆ ಕುಗ್ಗಿ, ಚಿಪ್ಪಿನ ರಂಧ್ರಗಳ ಮೂಲಕ ಕೊಳೆಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಒಣಬಟ್ಟೆಯಿಂದ ಉದುರಿಸಿದರೆ ಹೋಗುವಷ್ಟಿದ್ದರೆ ಸರಿ, ಇಲ್ಲದಿದ್ದರೆ ಆ ಮೊಟ್ಟೆ ಬಿಡುತ್ತೇನೆ.

ಕೂಡಿಟ್ಟ ಮೊಟ್ಟೆಗೆ ಏಳು ದಿನದ ಗಡುವು. ಅದರಾಚೆ ದಿನ ಹೋದಂತೆ ಮರಿಯಾಗುವ ಸಾಧ್ಯತೆ ಇಳಿಯುತ್ತದೆ. ಇಡಬೇಕಾದದ್ದು 13ರಿಂದ 18 ಡಿಗ್ರಿಯ ತಂಪಿನಲ್ಲಿ, ಮೊನಚು ತುದಿ ಕೆಳಗೆ ಮಾಡಿ. ಫ್ರಿಜ್‌ನ ನಾಲ್ಕು ಡಿಗ್ರಿ ಹೆಚ್ಚು ತಣ್ಣಗಾಯಿತು. ತಂಪಿನಿಂದ ತೆಗೆದದ್ದನ್ನು ಆರೆಂಟು ಗಂಟೆ ಕೋಣೆಯಲ್ಲಿ ಬಿಟ್ಟು ಆಮೇಲೆ ಕಾವಿಗಿಡಬೇಕು. ನೇರ ಪೆಟ್ಟಿಗೆಗೆ ಇಟ್ಟರೆ ಚಿಪ್ಪು ಬೆವರುತ್ತದೆ, ಆ ಪಸೆಯಲ್ಲಿ ರೋಗಾಣು ಒಳಗೆ ಇಳಿಯುತ್ತವೆ. ದೂರದಿಂದ ಸಾಗಿಸಿ ತಂದ ಮೊಟ್ಟೆಗೆ ಒಂದು ದಿನ ಪೂರ್ತಿ ವಿಶ್ರಾಂತಿ ಬೇಕು.

ಪೆಟ್ಟಿಗೆಗೆ ಹೆಚ್ಚೇನೂ ಬೇಕಿಲ್ಲ. ಮೂರು ಸೆಂ.ಮೀ. ದಪ್ಪದ ಥರ್ಮೋಕೋಲ್ ಡಬ್ಬ, ಒಳಅಳತೆ ಸುಮಾರು 40×30×30 ಸೆಂ.ಮೀ. ಇದ್ದರೆ ಹನ್ನೆರಡರಿಂದ ಇಪ್ಪತ್ತು ಮೊಟ್ಟೆ ಹಿಡಿಸುತ್ತದೆ. ಶಾಖಕ್ಕೆ 25 ವ್ಯಾಟಿನ ಎರಡು ತಂತಿ ಬಲ್ಬು, ಪ್ಯಾರಲಲ್ ಸಂಪರ್ಕದಲ್ಲಿ. ಒಂದು ಸುಟ್ಟುಹೋದರೂ ಇನ್ನೊಂದು ಉರಿಯುತ್ತಿರಲಿ ಅಂತ ಎರಡು. ಎಲ್‌ಇಡಿ ಬಲ್ಬು ಇದಕ್ಕೆ ಆಗದು, ಅದರಲ್ಲಿ ಬಿಸಿ ಸಾಲದು. ಬಲ್ಬಿಗೂ ಥರ್ಮೋಕೋಲಿಗೂ ಕನಿಷ್ಠ ಹತ್ತು ಸೆಂ.ಮೀ. ಅಂತರವಿರಬೇಕು, ಅದು ಬೇಗ ಕರಗುವ, ಹೊತ್ತಿಕೊಳ್ಳುವ ವಸ್ತು. ಬಲ್ಬಿನ ಮುಂದೆ ಒಂದು ತಗಡು ಅಡ್ಡ ಇಟ್ಟರೆ ಹತ್ತಿರದ ಮೊಟ್ಟೆಗಳಿಗೆ ನೇರ ಝಳ ಹೊಡೆಯುವುದಿಲ್ಲ. ಗಾಳಿಯಾಡಿಸಲು ಕಂಪ್ಯೂಟರಿನ 80 ಮಿ.ಮೀ. ಫ್ಯಾನ್ ಸಾಕು. ಅದು ಬಲ್ಬಿನ ಜೊತೆ ಆರಿ ಹತ್ತಬಾರದು, ಇಪ್ಪತ್ತನಾಲ್ಕು ಗಂಟೆಯೂ ತಿರುಗುತ್ತಿರಬೇಕು. ಗಾಳಿಗೆ ಪೆನ್ಸಿಲ್ ದಪ್ಪದ ತೂತು, ಕೆಳಗೆ ಎರಡು, ಮೇಲೆ ಎರಡು.

ಶಾಖ ನಿಯಂತ್ರಣಕ್ಕೆ ಡಬ್ಲ್ಯೂ 1209 ಎಂಬ ಚಿಕ್ಕ ಬೋರ್ಡು ಧಾರಾಳ ಸಾಕು. ಅದರಲ್ಲಿ ಎರಡು ಸೆಟ್ಟಿಂಗ್ ಬದಲಿಸದೆ ಬಳಸಿದರೆ ಮೊಟ್ಟೆ ಕೆಟ್ಟಿತೆಂದೇ ಲೆಕ್ಕ. ಪಿ0 ಸಾಮಾನ್ಯವಾಗಿ ತಂಪು ಮಾಡುವ 'ಸಿ'ಯಲ್ಲಿರುತ್ತದೆ, ಅದನ್ನು ಬಿಸಿ ಮಾಡುವ 'ಎಚ್'ಗೆ ತರಬೇಕು. ಪಿ1 ಅಂದರೆ ಬಲ್ಬು ಆರುವುದಕ್ಕೂ ಮತ್ತೆ ಹತ್ತುವುದಕ್ಕೂ ನಡುವಿನ ಅಂತರ. ಅದು ಎರಡು ಡಿಗ್ರಿ ಇರುತ್ತದೆ, ನಾನು 0.3ಕ್ಕೆ ಇಳಿಸುತ್ತೇನೆ. ಸೆನ್ಸರ್ ಮೊಟ್ಟೆಗಳ ನಡುವೆ, ಅವುಗಳ ಎತ್ತರದಲ್ಲೇ ಇರಲಿ. ಗೋಡೆಗೆ ಅಂಟಿಸಿದರೆ ಅದು ಗೋಡೆಯ ಶಾಖ ಹೇಳುತ್ತದೆ. ಫ್ಯಾನ್ ಇಲ್ಲದ ಪೆಟ್ಟಿಗೆಯಾದರೆ ಲೆಕ್ಕ ಬೇರೆ: ಬಿಸಿಗಾಳಿ ಮೇಲೆ ನಿಲ್ಲುವುದರಿಂದ ಮೊಟ್ಟೆಯ ನೆತ್ತಿಯ ಮಟ್ಟದಲ್ಲಿ 38.5 ಡಿಗ್ರಿಯಷ್ಟು ಬೇಕು.

ಮೊಟ್ಟೆ ಇಡುವ ಮೊದಲು ಎರಡು ಪರೀಕ್ಷೆ. ಫ್ಲಾಸ್ಕಿನಲ್ಲಿ 38 ಡಿಗ್ರಿ ಆಸುಪಾಸಿನ ನೀರು ತುಂಬಿ, ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರನ್ನೂ ಬೋರ್ಡಿನ ಸೆನ್ಸರನ್ನೂ ಜೊತೆಯಾಗಿ ಅದ್ದಿ, ಕಲಕುತ್ತಾ ಒಟ್ಟಿಗೇ ಓದಬೇಕು. ಎಷ್ಟು ವ್ಯತ್ಯಾಸ ಬಂತೋ ಅಷ್ಟನ್ನು ಬೋರ್ಡಿನ ಪಿ4 ಎಂಬ ಸೆಟ್ಟಿಂಗಿನಲ್ಲಿ ತಿದ್ದಬೇಕು. ಜ್ವರದ ಥರ್ಮಾಮೀಟರು ಈ ಕೆಲವೇ ಡಿಗ್ರಿಗಳ ನಡುವೆ ಕರಾರುವಾಕ್ಕಾಗಿ ಇರಬೇಕೆಂದೇ ಮಾಡಿದ್ದು, ಅದಕ್ಕಿಂತ ಒಳ್ಳೆಯ ಸಾಕ್ಷಿ ಮನೆಯಲ್ಲಿ ಸಿಗದು. ತೇವಾಂಶದ ಮೀಟರಿಗೆ ಉಪ್ಪಿನ ಪರೀಕ್ಷೆ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ತುಂಬಿ, ಒದ್ದೆ ಮರಳಿನ ಹದಕ್ಕೆ ಬರುವಷ್ಟೇ ನೀರು ಹಾಕಿ (ಉಪ್ಪು ಪೂರಾ ಕರಗಬಾರದು), ಮೀಟರಿನ ಜೊತೆ ಗಾಳಿಯಾಡದ ಚೀಲದಲ್ಲಿ ಹನ್ನೆರಡು ಗಂಟೆ ಮುಚ್ಚಿಟ್ಟರೆ ಅದು 75% ತೋರಿಸಬೇಕು. 68 ತೋರಿಸಿದರೆ ಅದರ ಮೇಲೆ '+7' ಎಂದು ಬರೆದಿಡುತ್ತೇನೆ. ಆಮೇಲೆ ಪೆಟ್ಟಿಗೆಯನ್ನು ಖಾಲಿಯಾಗಿ ಒಂದು ಇಡೀ ದಿನ ಓಡಿಸಿ ನೋಡಬೇಕು.

ಈಗ ತಕ್ಕಡಿ. ಮೊಟ್ಟೆ ಚಿಪ್ಪಿನಲ್ಲಿರುವ ಸಾವಿರಾರು ರಂಧ್ರಗಳಿಂದ ನೀರು ಆವಿಯಾಗಿ ಹೋಗುತ್ತಲೇ ಇರುತ್ತದೆ, ಹೋದಷ್ಟೂ ಅಗಲ ತುದಿಯ ಗಾಳಿಗೂಡು ಹಿಗ್ಗುತ್ತದೆ. ಮರಿ ಮೊದಲ ಉಸಿರೆಳೆಯುವುದು ಆ ಗೂಡಿನಿಂದ. 18ನೇ ದಿನದ ಹೊತ್ತಿಗೆ ಮೊಟ್ಟೆ ತನ್ನ ಮೊದಲ ತೂಕದಲ್ಲಿ ಸುಮಾರು 12% ಕಳೆದುಕೊಂಡಿರಬೇಕು. 11ರಿಂದ 14ರೊಳಗೆ ಇದ್ದರೆ ಚಿಂತೆಯಿಲ್ಲ. ತೇವಾಂಶದ ಅಂಕಿ ಇರುವುದೇ ಈ ಇಳಿಕೆಯನ್ನು ಹದದಲ್ಲಿಡಲು. ಹಾಗಾದರೆ ಇಳಿಕೆಯನ್ನೇ ನೇರವಾಗಿ ಅಳೆಯಬಾರದೇಕೆ? 0.1 ಗ್ರಾಂ ತೋರಿಸುವ ತಕ್ಕಡಿಯಲ್ಲಿ ಇಡುವ ದಿನವೇ ಒಂದೊಂದನ್ನೂ ತೂಗಿ, ಚಿಪ್ಪಿನ ಮೇಲೆ ಪೆನ್ಸಿಲಿನಲ್ಲಿ ಬರೆಯುತ್ತೇನೆ. 50 ಗ್ರಾಂ ಮೊಟ್ಟೆಯಾದರೆ ಏಳನೇ ದಿನ 47.7ರ ಹತ್ತಿರ, ಹದಿನಾಲ್ಕಕ್ಕೆ 45.3, ಹದಿನೆಂಟಕ್ಕೆ 44 ಗ್ರಾಂ. ಏಳನೇ ದಿನ 48.5 ಇದ್ದರೆ ಒಳಗೆ ತೇವ ಜಾಸ್ತಿ ಎಂದರ್ಥ. ಮೀಟರು ಏನೇ ಹೇಳಲಿ, ತೇವಕ್ಕೆಂದು ಪೆಟ್ಟಿಗೆಯೊಳಗೆ ಇಟ್ಟ ನೀರಿನ ತಟ್ಟೆ ಸಣ್ಣದಾಗಬೇಕು. 46.5ಕ್ಕೆ ಇಳಿದಿದ್ದರೆ ದೊಡ್ಡದಾಗಬೇಕು. ಚಿಪ್ಪು ದಪ್ಪ, ತೆಳು ಇರುವುದರಿಂದ ಒಂದೊಂದು ಮೊಟ್ಟೆ ಒಂದೊಂದು ಥರ ಇಳಿಯುತ್ತದೆ, ಸರಾಸರಿ ನೋಡಿ ತೀರ್ಮಾನಿಸಿದರೆ ಸಾಕು.

ತಟ್ಟೆಯ ವಿಷಯದಲ್ಲಿ ಬಹಳ ಮಂದಿ ಎಡವುವುದು ಇಲ್ಲಿ: ಆಳ ಹೆಚ್ಚಿಸಿದರೆ ತೇವಾಂಶ ಏರುವುದಿಲ್ಲ. ಆವಿ ಏಳುವುದು ಮೇಲ್ಮೈಯಿಂದ, ಹಾಗಾಗಿ ನೀರಿನ ಅಗಲವೇ ಲೆಕ್ಕ. ತೇವ ಕಡಿಮೆ ಮಾಡಲು ತಟ್ಟೆಯ ಅರ್ಧಕ್ಕೆ ಫಾಯಿಲ್ ಮುಚ್ಚುತ್ತೇನೆ, ಹೆಚ್ಚಿಸಲು ಅದರಲ್ಲಿ ಸ್ಪಂಜು ನಿಲ್ಲಿಸುತ್ತೇನೆ. ಹೊರಗೇ ಹವೆ ಒದ್ದೆಯಾಗಿರುವ ದಿನಗಳಲ್ಲಿ ಮೊದಲ 18 ದಿನ ಒಂದು ಹನಿ ನೀರೂ ಬೇಕಾಗದೆ ಇರಬಹುದು. ತೇವ ಏರಿಸಲು ಗಾಳಿ ತೂತು ಮುಚ್ಚುವುದು ಮಾತ್ರ ಬೇಡ, ಒಳಗಿರುವುದು ಉಸಿರಾಡುವ ಜೀವ.

ಮೊಟ್ಟೆ ಮಗುಚಲು ಒಂದು ಮಗ್ಗುಲಿಗೆ '×', ಎದುರು ಮಗ್ಗುಲಿಗೆ '○' ಗುರುತು ಹಾಕುತ್ತೇನೆ. ದಿನಕ್ಕೆ ಐದು ಸಲ, ಕಡಿಮೆಯೆಂದರೆ ಮೂರು. ಬೆಸ ಸಂಖ್ಯೆ ಏಕೆಂದರೆ ರಾತ್ರಿಯ ದೀರ್ಘ ಹೊತ್ತು ಒಂದು ದಿನ ಈ ಮಗ್ಗುಲು, ಮರುದಿನ ಆ ಮಗ್ಗುಲು ಆಗಲಿ ಎಂದು. ಮಗುಚದಿದ್ದರೆ ಭ್ರೂಣ ಒಳಪೊರೆಗೆ ಅಂಟಿಕೊಳ್ಳುತ್ತದೆ, ರಕ್ತನಾಳದ ಜಾಲವೂ ಸರಿಯಾಗಿ ಹರಡುವುದಿಲ್ಲ. ಮೊದಲ ವಾರದಲ್ಲಿ ಈ ಕೆಲಸ ತಪ್ಪಿದರೆ ಆಮೇಲೆ ಎಷ್ಟು ಮಗುಚಿದರೂ ನಷ್ಟ ತುಂಬದು. ಮೊನಚು ತುದಿ ಮಾತ್ರ ಯಾವ ಹಂತದಲ್ಲೂ ಮೇಲಾಗಬಾರದು.

ಬೆಳಕಿಗೆ ಹಿಡಿದು ನೋಡುವುದು ಏಳನೇ ದಿನ, ಕತ್ತಲೆಯಲ್ಲಿ, ರಟ್ಟಿನ ತೂತಿಗೆ ಟಾರ್ಚ್ ಒತ್ತಿ. ಜೇಡರಬಲೆಯಂತೆ ಕೆಂಪು ನಾಳಗಳು ಹರಡಿ ನಡುವೆ ಕಪ್ಪು ಚುಕ್ಕೆ ಅಲುಗಿದರೆ ಜೀವ ಇದೆ. ಇಡೀ ಮೊಟ್ಟೆ ಒಂದೇ ಥರ ಹಳದಿಯಾಗಿ ಬೆಳಗಿದರೆ ಬರಡು. ನಾಳಗಳಿಲ್ಲದೆ ಒಂದು ಕೆಂಪು ಬಳೆ ಮಾತ್ರ ಕಂಡರೆ ಶುರುವಾಗಿ ಸತ್ತದ್ದು. ಕಡುಕಂದು ಚಿಪ್ಪಿನಲ್ಲಿ ಏಳಕ್ಕೆ ಏನೂ ತಿಳಿಯದು, ಹತ್ತನೇ ದಿನದವರೆಗೆ ಕಾಯಬೇಕು. ಅನುಮಾನವಿದ್ದದ್ದನ್ನು ಎಸೆಯದೆ ಹದಿನಾಲ್ಕಕ್ಕೆ ಮತ್ತೆ ನೋಡುತ್ತೇನೆ. ನಾರುವುದನ್ನು ಮಾತ್ರ ಕೂಡಲೇ ತೆಗೆಯುತ್ತೇನೆ. ಅದು ಒಳಗೇ ಸಿಡಿದರೆ ಉಳಿದವಕ್ಕೂ ಸೋಂಕು.

ಎರಡನೇ ವಾರ ಕಳೆದ ಮೇಲೆ ಭ್ರೂಣಗಳೇ ಬಿಸಿ ಹೊಮ್ಮಿಸಲು ತೊಡಗುತ್ತವೆ, ಬಲ್ಬು ಉರಿಯುವ ಹೊತ್ತು ತಾನಾಗಿ ಕಡಿಮೆಯಾಗುತ್ತದೆ. ಈ ದಿನಗಳಲ್ಲಿ ಒಳಗಿನ ಶಾಖ 38 ದಾಟದಂತೆ ನೋಡಿಕೊಳ್ಳಬೇಕು. ಕರೆಂಟು ಹೋದರೆ ಗಾಬರಿ ಬೇಡ: ಮುಚ್ಚಳ ತೆರೆಯದೆ, ಪೆಟ್ಟಿಗೆಗೆ ಕಂಬಳಿ ಹೊದಿಸಿ (ಗಾಳಿ ತೂತು ಬಿಟ್ಟು), ಹೊತ್ತು ಹೆಚ್ಚಾದರೆ ಬಿಸಿನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಒಳಗಿಡುತ್ತೇನೆ. ಕೆಲವು ಗಂಟೆಯ ತಂಪನ್ನು ಭ್ರೂಣ ತಾಳಿಕೊಳ್ಳುತ್ತದೆ, ಮರಿ ತಡವಾಗಬಹುದು ಅಷ್ಟೆ. ತಾಳಿಕೊಳ್ಳಲಾರದ್ದು ಅತಿ ಬಿಸಿ.

ದಿನ ಎಣಿಸುವಾಗ ಇಟ್ಟ ದಿನ ಸೊನ್ನೆ. ಸೋಮವಾರ ಇಟ್ಟರೆ ಮೂರು ವಾರದ ನಂತರದ ಸೋಮವಾರ ಮರಿ. 18ನೇ ದಿನ ಮಗುಚುವುದನ್ನು ನಿಲ್ಲಿಸಿ, ಕಾಲು ಜಾರದಂಥ ಒರಟು ಮ್ಯಾಟ್ ಹಾಸಿ ಮೊಟ್ಟೆ ಮಲಗಿಸಿ, ತೇವಾಂಶ 65 ದಾಟಿಸಿ ಮುಚ್ಚಳ ಹಾಕುತ್ತೇನೆ. ಆಮೇಲೆ ತೆರೆಯುವುದಿಲ್ಲ. ಅತಿ ಕಷ್ಟದ ಕೆಲಸ ಇದೇ, ಏಕೆಂದರೆ ಕೈ ಸುಮ್ಮನಿರುವುದಿಲ್ಲ. ಚಿಪ್ಪು ಕುಟ್ಟಿದ ಮರಿಯಿದ್ದಾಗ ಮುಚ್ಚಳ ತೆರೆದರೆ ತೇವ ಒಮ್ಮೆಲೇ ಬಿದ್ದು, ಒಳಪೊರೆ ಒಣಗಿ ಮರಿಯ ಮೈಗೆ ಬಿಗಿಯುತ್ತದೆ. ಅದು ತಿರುಗಲಾರದೆ ಅಲ್ಲೇ ಸಾಯುತ್ತದೆ.

ಮೊದಲ ಬಿರುಕು ಬಿದ್ದ ಮೇಲೆ ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆ ಏನೂ ಆಗದಂತೆ ಕಾಣಬಹುದು. ಮರಿ ಸುಮ್ಮನಿಲ್ಲ: ಪೊರೆಯ ನಾಳಗಳ ರಕ್ತವನ್ನೂ ಉಳಿದ ಭಂಡಾರವನ್ನೂ (ಮೊಟ್ಟೆಯ ಹಳದಿ) ಒಳಕ್ಕೆಳೆದುಕೊಳ್ಳುತ್ತಿರುತ್ತದೆ. ಅವಸರಪಟ್ಟು ಚಿಪ್ಪು ಸುಲಿದರೆ ರಕ್ತ ಸೋರುತ್ತದೆ. ಇಪ್ಪತ್ತನಾಲ್ಕು ಗಂಟೆ ಮೀರಿಯೂ ಬಿರುಕು ಮುಂದುವರಿಯದೆ ಪೊರೆ ಕಂದಾಗಿ ಒಣಗಿದ್ದರೆ ಮಾತ್ರ, ಉಗುರುಬೆಚ್ಚಗಿನ ನೀರಲ್ಲಿ ಅದ್ದಿದ ಹತ್ತಿಯಿಂದ ಪೊರೆ ತೇವ ಮಾಡಿ, ಬಿರುಕಿನ ಸುತ್ತ ಒಂದಿಷ್ಟು ಚಿಪ್ಪು ಬಿಡಿಸುತ್ತೇನೆ. ಕೆಂಪು ನಾಳ ಕಂಡ ಕ್ಷಣವೇ ನಿಲ್ಲಿಸಿಬಿಡುತ್ತೇನೆ.

ಹೊರಬಂದ ಮರಿ ಪುಕ್ಕ ಒಣಗಿ ಉಬ್ಬುವವರೆಗೆ ಪೆಟ್ಟಿಗೆಯಲ್ಲೇ ಇರಲಿ. ಭಂಡಾರ ಹೊಟ್ಟೆಯೊಳಗೆ ಸೇರಿರುವುದರಿಂದ ಎರಡು ದಿನ ಮೇವು ನೀರು ಇಲ್ಲದೆಯೂ ತಡೆಯುತ್ತದೆ. ಆಮೇಲೆ 35 ಡಿಗ್ರಿಯ ಬ್ರೂಡರಿಗೆ, ಅಂದರೆ ಮರಿಗಳನ್ನು ದೀಪದಡಿ ಬೆಚ್ಚಗಿಡುವ ಗೂಡಿಗೆ. ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತಾ ಹೋಗಬೇಕು. ದೀಪದ ಕೆಳಗೆ ಗುಂಪುಗಟ್ಟಿ ಕಿರುಚಿದರೆ ಚಳಿ, ಮೂಲೆಗೆ ಸರಿದು ಬಾಯಿ ತೆರೆದರೆ ಸೆಕೆ. ನುಣುಪು ಕಾಗದ ಹಾಸಿದರೆ ಕಾಲು ಜಾರಿ ಕವಲಾಗಿಬಿಡುತ್ತದೆ.

23ನೇ ದಿನ ಉಳಿದ ಮೊಟ್ಟೆಗಳನ್ನು ಎಸೆಯುವ ಬದಲು ಒಡೆದು ನೋಡುತ್ತೇನೆ. ಅಸಹ್ಯವಾದರೂ ಮುಂದಿನ ಸರದಿಗೆ ಇದಕ್ಕಿಂತ ಉಪಯೋಗದ ಹತ್ತು ನಿಮಿಷ ಇನ್ನೊಂದಿಲ್ಲ. ಮೊದಲ ವಾರದ ಸಾವುಗಳೇ ಹೆಚ್ಚಿದ್ದರೆ ಮೊಟ್ಟೆ ಹಳತಾಗಿತ್ತು, ಸಾಗಣೆಯಲ್ಲಿ ಅಲುಗಾಡಿತ್ತು, ಇಲ್ಲವೇ ಶುರುವಿನ ಶಾಖ ಏರುಪೇರಾಗಿತ್ತು. ಪೂರ್ತಿ ಬೆಳೆದ ಮರಿ ಊದಿಕೊಂಡು ಸುತ್ತ ನೀರು ನಿಂತು ಗಾಳಿಗೂಡು ಚಿಕ್ಕದಾಗಿದ್ದರೆ ಮೊದಲ 18 ದಿನದ ತೇವ ಜಾಸ್ತಿ. ಚಿಪ್ಪಿನ ಮೇಲೆ ಬರೆದ ತೂಕಗಳೂ ಅದನ್ನೇ ಹೇಳುತ್ತಿರುತ್ತವೆ. ಮರಿ ಪೊರೆಗೆ ಅಂಟಿ ಒಣಗಿದ್ದರೆ ಕೊನೆಯ ಮೂರು ದಿನದ ತೇವ ಸಾಲದಾಗಿದೆ. ತಲೆ ಮೊನಚು ತುದಿಯ ಕಡೆಗಿದ್ದರೆ ಮೊಟ್ಟೆ ತಲೆಕೆಳಗಾಗಿ ಕೂತಿತ್ತು. ಇನ್ನು ಹೊರಬಂದ ಮರಿಗಳೇ 20ನೇ ದಿನಕ್ಕೆ ಬಂದು ಹೊಕ್ಕುಳು ಮಾಗದೆ ಇದ್ದರೆ ಶಾಖ ಹೆಚ್ಚು, 22 ದಾಟಿ ಸೋಮಾರಿಯಾಗಿ ಬಂದರೆ ಕಡಿಮೆ. ಅಂಥ ಸಲ ಪಿ4ನ್ನು ಮತ್ತೆ ಫ್ಲಾಸ್ಕಿನ ನೀರಿನಲ್ಲಿ ತಾಳೆ ನೋಡಿ, ಪೆಟ್ಟಿಗೆಯನ್ನು ಸೋಪುನೀರಿನಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿದ ಮೇಲೇ ಮುಂದಿನ ಮೊಟ್ಟೆ ಇಡುತ್ತೇನೆ.