ಪೈಲಟ್‌ಗಳು ಹವಾಮಾನ ನಕ್ಷೆಯನ್ನು ಓದುವ ಕ್ರಮ

ಹವಾಮಾನ ನಕ್ಷೆಯನ್ನು ತೆರೆದೊಡನೆ ಮೋಡ, ಗಾಳಿಗಳ ಚಿಹ್ನೆಗಳನ್ನು ಹುಡುಕುವ ಮೊದಲು ಅಂಚಿನಲ್ಲಿರುವ ವಿವರಗಳ ಚೌಕವನ್ನು ಓದಬೇಕು. ನಕ್ಷೆ ಯಾವ ಸಮಯಕ್ಕೆ ಅನ್ವಯಿಸುತ್ತದೆ, ಯಾವ ಎತ್ತರದಿಂದ ಯಾವ ಎತ್ತರದವರೆಗಿನ ಆಕಾಶವನ್ನು ತೋರಿಸುತ್ತದೆ ಎಂಬುದು ಅಲ್ಲೇ ಇರುತ್ತದೆ. ಸಮಯವನ್ನು ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಕಾಲಮಾನದಲ್ಲಿ, ಕೊಟ್ಟಿರುತ್ತಾರೆ. 1200 ಯುಟಿಸಿಗೆಂದು ಸಿದ್ಧಪಡಿಸಿದ ಮುನ್ಸೂಚನಾ ನಕ್ಷೆ ಆ ಒಂದು ಗಳಿಗೆಯ ಚಿತ್ರ ಮಾತ್ರ. ಹಾರಾಟ 1000ಕ್ಕೆ ಹೊರಟು 1400ಕ್ಕೆ ಮುಗಿಯುವುದಾದರೆ ಅದರ ಹಿಂದಿನ ಮತ್ತು ಮುಂದಿನ ನಕ್ಷೆಗಳನ್ನೂ ಪಕ್ಕದಲ್ಲಿಟ್ಟುಕೊಂಡು, ಮಾರ್ಗದ ಮೇಲಿನ ಮೋಡಗಳು ಎತ್ತ ಸರಿಯುತ್ತಿವೆ ಎಂಬುದನ್ನು ಅಂದಾಜಿಸಬೇಕಾಗುತ್ತದೆ.

ಭೂಮಟ್ಟದ ನಕ್ಷೆಯಲ್ಲಿ ಸಮಭಾರ ರೇಖೆಗಳು (ಒಂದೇ ವಾಯುಭಾರವಿರುವ ಸ್ಥಳಗಳನ್ನು ಕೂಡಿಸುವ ಗೆರೆಗಳು) ಒತ್ತೊತ್ತಾಗಿರುವ ಕಡೆ ಗಾಳಿ ಬಿರುಸು. ನೀಲಿ ತ್ರಿಕೋನಗಳ ಸಾಲು ಕೋಲ್ಡ್ ಫ್ರಂಟ್ (ಮುಂದೆ ಸಾಗುವ ತಣ್ಣನೆಯ ವಾಯುರಾಶಿಯ ಅಂಚು), ಕೆಂಪು ಅರ್ಧವೃತ್ತಗಳ ಸಾಲು ವಾರ್ಮ್ ಫ್ರಂಟ್ (ಬೆಚ್ಚನೆಯ ವಾಯುರಾಶಿಯ ಅಂಚು). ಚಿಹ್ನೆಗಳು ಮುಖ ಮಾಡಿದ ಕಡೆಗೆ ಫ್ರಂಟ್ ಸಾಗುತ್ತಿರುತ್ತದೆ. ಸಮಭಾಜಕ ವೃತ್ತದ ಆಸುಪಾಸಿನಲ್ಲಿ ಮಾತ್ರ ಸಮಭಾರ ರೇಖೆಗಳಿಂದ ಗಾಳಿಯನ್ನು ಊಹಿಸಲು ಹೋಗದಿರುವುದೇ ಲೇಸು.

ಗಾಳಿಯ ಚಿಹ್ನೆಯಲ್ಲಿ ಅರ್ಧ ಗೆರೆಗೆ 5, ಪೂರ್ಣ ಗೆರೆಗೆ 10, ತುಂಬಿದ ತ್ರಿಕೋನಕ್ಕೆ 50 ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಒಂದು ನಾಟಿಕಲ್ ಮೈಲು). ಒಂದು ತ್ರಿಕೋನ, ಎರಡು ಪೂರ್ಣ ಗೆರೆ, ಒಂದು ಅರ್ಧ ಗೆರೆ ಇದ್ದರೆ ವೇಗ 75 ನಾಟ್. ಗೆರೆಗಳಿರುವ ತುದಿಯ ಕಡೆಯಿಂದ ಗಾಳಿ ಬೀಸುತ್ತದೆ.

ಹೆಚ್ಚು ತಾಳ್ಮೆ ಬೇಡುವುದು ಪ್ರಮುಖ ಹವಾಮಾನ ನಕ್ಷೆ, ಅಂದರೆ ಹಾರಾಟಕ್ಕೆ ಅಪಾಯ ತರುವ ಹವಾಮಾನವನ್ನು ತೋರಿಸುವ ನಕ್ಷೆ. ಅಲೆಯಲೆಯಾದ ಗೆರೆಯೊಳಗೆ ‘ಐಸೋಲ್ ಎಂಬ್ಡ್ ಸಿಬಿ’ ಎಂದೂ, ಅದರ ಕೆಳಗೆ 380, ಮತ್ತೂ ಕೆಳಗೆ ಮೂರು ಎಕ್ಸ್ ಎಂದೂ ಇದೆಯೆನ್ನಿ. ಬಿಡಿಬಿಡಿಯಾದ ಗುಡುಗುಮೋಡಗಳು (ಸಿಬಿ) ಬೇರೆ ಮೋಡಗಳೊಳಗೆ ಹುದುಗಿವೆ, ಅವುಗಳ ನೆತ್ತಿ ಫ್ಲೈಟ್ ಲೆವೆಲ್ 380ರಲ್ಲಿದೆ (ಸುಮಾರು 38,000 ಅಡಿ), ಬುಡ ನಕ್ಷೆಯ ಕೆಳಮಿತಿಗಿಂತಲೂ ಕೆಳಗಿದೆ ಎಂದರ್ಥ. ‘ಬಿಡಿಬಿಡಿ’ ಎಂಬುದಕ್ಕಿಂತ ‘ಹುದುಗಿವೆ’ ಎಂಬುದೇ ಹೆಚ್ಚು ಕಳವಳಕಾರಿ, ಏಕೆಂದರೆ ಅಂಥ ಮೋಡ ಕಣ್ಣಿಗೆ ಬೀಳದೆ ಎದುರಾಗುತ್ತದೆ. ಸಿಬಿ ಎಂದು ಬರೆದ ಕಡೆ ತೀವ್ರ ಟರ್ಬ್ಯುಲೆನ್ಸ್ (ವಿಮಾನವನ್ನು ಕುಲುಕಾಡಿಸುವ ಗಾಳಿ), ಐಸಿಂಗ್ (ಮಂಜುಗಡ್ಡೆ ಕಟ್ಟುವುದು), ಆಲಿಕಲ್ಲುಗಳ ಸಾಧ್ಯತೆಯೂ ಅದರಲ್ಲೇ ಅಡಕವಾಗಿರುತ್ತದೆ. ಅವನ್ನು ಪ್ರತ್ಯೇಕವಾಗಿ ಗುರುತಿಸಿಲ್ಲವೆಂದು ನಿರಾಳವಾಗಬಾರದು. ಈ ನಕ್ಷೆ ಫ್ಲೈಟ್ ಲೆವೆಲ್ 250ರಿಂದ ಮೇಲಿನದ್ದಾಗಿದ್ದರೆ, ಅದರಲ್ಲಿನ ಖಾಲಿ ಜಾಗ 8,000 ಅಡಿಯಲ್ಲಿ ಹಾರುವವರಿಗೆ ಯಾವ ಭರವಸೆಯನ್ನೂ ಕೊಡುವುದಿಲ್ಲ. ಅವರು ಕೆಳಮಟ್ಟದ ನಕ್ಷೆಯನ್ನೇ ತರಿಸಿಕೊಂಡು, ಶೂನ್ಯ ಡಿಗ್ರಿಯ ಮಟ್ಟ ಎಲ್ಲಿದೆ ಎಂದು ನೋಡಬೇಕು; ಆ ಮಟ್ಟದಿಂದ ಮೇಲೆ ಮೋಡದೊಳಗೆ ಹಾರಿದರೆ ರೆಕ್ಕೆಗೆ ಮಂಜುಗಡ್ಡೆ ಕಟ್ಟಬಹುದು.

ಕೊನೆಗೆ ಮಾರ್ಗವನ್ನು ನಕ್ಷೆಯ ಮೇಲೆ ಗುರುತಿಸಿ, ದಾರಿಯಲ್ಲಿನ ವಿಮಾನ ನಿಲ್ದಾಣಗಳ ಮೆಟಾರ್ (ಸದ್ಯದ ಹವಾಮಾನದ ವರದಿ) ಮತ್ತು ನಿಲ್ದಾಣದ ಮುನ್ಸೂಚನೆಯಾದ ಟಾಫ್‌ಗಳೊಂದಿಗೆ ತಾಳೆ ನೋಡಬೇಕು. ನಕ್ಷೆಯ ಪ್ರಕಾರ ಇನ್ನೂ ದೂರದಲ್ಲಿರಬೇಕಾದ ಫ್ರಂಟ್‌ನ ಮಳೆ, ಗಾಳಿಯ ದಿಕ್ಕಿನ ಬದಲಾವಣೆಗಳು ಮೆಟಾರ್‌ನಲ್ಲಿ ಆಗಲೇ ಕಾಣಿಸಿಕೊಂಡಿದ್ದರೆ, ಮುನ್ಸೂಚನೆಗಿಂತ ಮೊದಲೇ ಅದು ತಲುಪಿದೆಯೆಂದು ತಿಳಿದು, ಪರ್ಯಾಯ ನಿಲ್ದಾಣವನ್ನೂ ಇಂಧನವನ್ನೂ ಮತ್ತೆ ಲೆಕ್ಕ ಹಾಕಬೇಕು.