ಮೇಷ್ಟ್ರ ಹೆಸರಿನ ದತ್ತಿ: ನಾವು ಕಟ್ಟಿ ನಡೆಸುತ್ತಿರುವ ಬಗೆ

ನಡೆಯಲು ಕಷ್ಟವಿರುವ ಮಕ್ಕಳಿಗೆ ಜೀವಮಾನವಿಡೀ ಪಾಠ ಹೇಳಿದ ಮೇಷ್ಟ್ರ ನೆನಪಿಗೆ ವಿದ್ಯಾರ್ಥಿವೇತನ ಕಟ್ಟುವಾಗ ಮೊದಲು ತೀರ್ಮಾನವಾದದ್ದು, ಮಗು ತರಗತಿಗೆ ಬಂದು ಕೂರುವುದಕ್ಕೆ ಆಗುವ ಖರ್ಚನ್ನು ಕೊಡಬೇಕು ಎಂಬುದು. ಉಳಿದ ನಿಯಮಗಳೆಲ್ಲ ಇದರಿಂದಲೇ ಹುಟ್ಟಿದವು.

ಕೂಡಿದ್ದು 6 ಲಕ್ಷ ರೂಪಾಯಿ. ಒಬ್ಬರ ಹೆಸರಿನಲ್ಲಿ ಠೇವಣಿ ಇಟ್ಟರೆ ಬಡ್ಡಿ ಅವರ ಆದಾಯಕ್ಕೆ ಸೇರುತ್ತದೆ, ಅವರು ತೀರಿಕೊಂಡರೆ ಹಣ ಸಿಕ್ಕಿಬೀಳುತ್ತದೆ. ಹಾಗಾಗಿ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಟ್ರಸ್ಟ್ ಪತ್ರ ನೋಂದಾಯಿಸಿ, ಟ್ರಸ್ಟ್ ಹೆಸರಿಗೇ ಪ್ಯಾನ್ ಮಾಡಿಸಿ, ಆಮೇಲೆ ಖಾತೆ ತೆರೆದೆವು. ಪತ್ರದಲ್ಲಿ ಮೂರು ಮಾತು ಇರಲೇಬೇಕು: ಮೂಲಧನ ಮುಟ್ಟುವಂತಿಲ್ಲ, ಟ್ರಸ್ಟಿ ಬಿಟ್ಟುಹೋದರೆ ಹೊಸಬರನ್ನು ಆರಿಸುವ ಕ್ರಮ, ಟ್ರಸ್ಟ್ ಮುಚ್ಚಿದರೆ ಹಣ ಇಂಥದ್ದೇ ಉದ್ದೇಶದ ಇನ್ನೊಂದು ಸಂಸ್ಥೆಗೆ ಹೋಗಬೇಕು. ಕೊನೆಯದು ಬಿಟ್ಟುಹೋಗಿದ್ದರೆ ತೆರಿಗೆ ವಿನಾಯಿತಿಗೆ ಅರ್ಜಿ ಹಾಕುವಾಗ ತಿದ್ದುಪಡಿ ಪತ್ರ ಮಾಡಿಸಬೇಕಾಗುತ್ತದೆ. ವಿದೇಶದ ಪೌರತ್ವ ಪಡೆದ ಹಳೆ ವಿದ್ಯಾರ್ಥಿಗಳ ಹಣವನ್ನು ವಿದೇಶಿ ದೇಣಿಗೆ ಕಾಯ್ದೆಯಾದ ಎಫ್‌ಸಿಆರ್‌ಎ ನೋಂದಣಿ ಇಲ್ಲದೆ ತೆಗೆದುಕೊಳ್ಳುವಂತಿಲ್ಲ. ಪ್ರೀತಿಯಿಂದ ಕಳಿಸಿದರೂ ವಾಪಸು ಮಾಡಿ.

ಠೇವಣಿ ವಿಮೆಯ ಮಿತಿ ಒಂದು ಬ್ಯಾಂಕಿನಲ್ಲಿ ಅಸಲು, ಬಡ್ಡಿ ಸೇರಿ 5 ಲಕ್ಷ. ಅದಕ್ಕೆ ಎರಡು ಬ್ಯಾಂಕಿನಲ್ಲಿ ಮೂರು ಮೂರು ಲಕ್ಷ ಇಟ್ಟೆವು. ಮೂರು ತಿಂಗಳಿಗೊಮ್ಮೆ ಬಡ್ಡಿ ಉಳಿತಾಯ ಖಾತೆಗೆ ಬೀಳುವಂತೆ ಬರೆಸಿ, ಅವಧಿ ಮೇ ತಿಂಗಳಲ್ಲಿ ಮುಗಿಯುವಂತೆ ನೋಡಿಕೊಳ್ಳಿ. ತಾನಾಗಿ ನವೀಕರಣವಾದ ಠೇವಣಿಯ ಬಡ್ಡಿ ಅಸಲಿಗೇ ಸೇರುತ್ತಾ ಹೋದರೆ ಜೂನ್‌ನಲ್ಲಿ ಕೈ ಖಾಲಿ. ಶೇ 7ರ ಲೆಕ್ಕದಲ್ಲಿ ವರ್ಷಕ್ಕೆ 42,000 ಬರುತ್ತದೆ. ವಿನಾಯಿತಿ ಪಡೆದ ಟ್ರಸ್ಟ್ ಆದಾಯದ ಶೇ 85ನ್ನು ಖರ್ಚು ಮಾಡಬೇಕೆಂಬ ನಿಯಮವಿದೆ. ಉಳಿಯುವ ಶೇ 15, ಅಂದರೆ 6,300 ರೂಪಾಯಿಯನ್ನು ಮೂಲಧನಕ್ಕೆ ಸೇರಿಸುತ್ತೇವೆ. ಹಾಗೆ ಮಾಡದಿದ್ದರೆ ಬೆಲೆ ಏರಿದಂತೆಲ್ಲ ಈ ದತ್ತಿಯ ಬೆಲೆ ವರ್ಷವರ್ಷ ಕುಗ್ಗುತ್ತಾ ಹೋಗುತ್ತದೆ. ಇಬ್ಬರು ವಿದ್ಯಾರ್ಥಿಗಳಿಗೆ 15,000ದಂತೆ 30,000. ಮಿಕ್ಕ 5,700 ದುರಸ್ತಿಗೆ.

15,000 ಯಾಕೆ? ಕೆಎಸ್‌ಆರ್‌ಟಿಸಿಯ ವಿಕಲಚೇತನರ ಪಾಸಿಗೆ ವರ್ಷಕ್ಕೆ 660 ರೂಪಾಯಿ, ಊರಿನಿಂದ 100 ಕಿಲೋಮೀಟರ್‌ವರೆಗೆ ನಡೆಯುತ್ತದೆ. ಹುಡುಗಿಯರಿಗೆ ಶಕ್ತಿ ಯೋಜನೆ ಇದೆ. ದುಡ್ಡು ಹೋಗುವುದು ಬಸ್‌ಸ್ಟ್ಯಾಂಡಿನಿಂದ ಕಾಲೇಜಿನ ಬಾಗಿಲವರೆಗಿನ ಆಟೊಗೆ. ಹೋಗಿಬರಲು ದಿನಕ್ಕೆ 60 ರೂಪಾಯಿ ಅಂದರೂ 200 ದಿನಕ್ಕೆ 12,000. ಉಳಿದ 3,000 ಕಾಲಿಗೆ ಆಸರೆಯಾಗಿ ಕಟ್ಟುವ ಕ್ಯಾಲಿಪರ್‌ ಬೂಟು, ಪಟ್ಟಿ, ಗಾಲಿಕುರ್ಚಿಯ ಟ್ಯೂಬಿಗೆ. ಆಟೊದವರು ರಸೀದಿ ಕೊಡುವುದಿಲ್ಲ. ರಸೀದಿ ಕೇಳಿದರೆ ಮಕ್ಕಳು ಸುಳ್ಳು ಬಿಲ್ಲು ತರಬೇಕಾಗುತ್ತದೆ; ಹಾಜರಾತಿ ಪ್ರತಿ ಸಾಕು.

ದುರಸ್ತಿ ಹಣವೇ ಈ ದತ್ತಿಯ ಅತ್ಯಂತ ಉಪಯುಕ್ತ ಭಾಗ ಎಂದು ನನ್ನ ನಂಬಿಕೆ. ಊರುಗೋಲಿನ ತುದಿಯ ರಬ್ಬರ್ ಬುಷ್ ಒಂದನ್ನು ತಿರುಗಿಸಿ ನೋಡಿ: ಮಗು ಭಾರ ಹಾಕುವ ಒಂದೇ ಅಂಚು ಸವೆದು ಓರೆಯಾಗಿರುತ್ತದೆ, ತಳದ ಉಂಗುರಗಳು ಅಳಿಸಿ ನುಣ್ಣಗಾಗಿರುತ್ತವೆ, ಇನ್ನೂ ಸವೆದರೆ ಒಳಗಿನ ಕೊಳವೆಯ ಅಂಚು ಹೊರಗೆ ಇಣುಕುತ್ತದೆ. ಒದ್ದೆ ಗ್ರಾನೈಟ್ ನೆಲದ ಮೇಲೆ ಅದು ಜಾರಿದರೆ ಮಗು ಬೀಳುತ್ತದೆ, ಮಳೆಗಾಲವಿಡೀ ಶಾಲೆಗೆ ಬರಲು ಹೆದರುತ್ತದೆ. ಕೊಳ್ಳುವ ಮೊದಲು ಕೊಳವೆಯ ಹೊರ ಅಳತೆ ನೋಡಿ. 19 ಮತ್ತು 22 ಮಿಲಿಮೀಟರ್ ಎರಡೂ ಬಳಕೆಯಲ್ಲಿವೆ. ಸಡಿಲವಾದದ್ದು ಕೆಸರಿನಲ್ಲಿ ಕಳಚಿಕೊಳ್ಳುತ್ತದೆ. ಜೋಡಿಯಾಗಿಯೇ ಬದಲಿಸಿ. ನಾವು ಜೂನ್ ಮೊದಲ ವಾರ ಎಲ್ಲರ ಬುಷ್ಷೂ ನೋಡುತ್ತೇವೆ, ವೇತನ ಸಿಗದವರದ್ದೂ. ಕ್ಯಾಲಿಪರ್‌ಗೂ ಆಗಲೇ ಕಣ್ಣಾಡಿಸಬೇಕು: ಕಾಲು ಬೆಳೆದಂತೆ ಅದರ ಕೀಲು ಮಂಡಿಗಿಂತ ಕೆಳಗೆ ಉಳಿದು ಪಟ್ಟಿ ಚರ್ಮಕ್ಕೆ ಒತ್ತುತ್ತದೆ. ಇದನ್ನು ನಾವೇ ಬಗ್ಗಿಸಿ ಸರಿಮಾಡಲು ಹೋಗಬಾರದು, ಅಳತೆ ತೆಗೆಯುವವರ ಹತ್ತಿರ ಕಳಿಸಬೇಕು.

ಅರ್ಹತೆಯ ಸಾಲು ಬರೆಯುವಾಗ ಪದ ಜೋಪಾನ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ದೈಹಿಕ ಅಂಗವೈಕಲ್ಯ ಎಂದರೆ ದೃಷ್ಟಿ, ಶ್ರವಣ ದೋಷವೂ ಸೇರುತ್ತದೆ. ನಾವು ‘ಚಲನ ವೈಕಲ್ಯ’ ಎಂದು ಬರೆದು ಸೆರೆಬ್ರಲ್ ಪಾಲ್ಸಿ, ಸ್ನಾಯುಕ್ಷಯ, ಕುಬ್ಜತೆ ಎಂದು ಬಿಡಿಸಿ ಹೇಳಿದೆವು. ಕನಿಷ್ಠ ಶೇ 40 ವೈಕಲ್ಯವಿರಬೇಕೆಂಬ ಮಿತಿ ಇಟ್ಟಿದ್ದೇವೆ, ಆದರೆ ಸರ್ಕಾರದ ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಇನ್ನೂ ಬರದಿದ್ದರೆ ಅರ್ಜಿಯ ಸ್ವೀಕೃತಿ ಒಪ್ಪುತ್ತೇವೆ. ಮೊದಲ ಸಲ ಎಸ್ಸೆಸ್ಸೆಲ್ಸಿಯಲ್ಲಿ ಶೇ 60 ಕೇಳಿದ್ದು ತಪ್ಪಾಯಿತು. ಕೈ ನಿಧಾನವಿರುವ ಮಕ್ಕಳೇ ಹೊರಗುಳಿದರು. ಈಗ ಪಾಸಾಗಿ ಮುಂದಕ್ಕೆ ಸೇರಿದ್ದರೆ ಸಾಕು. ಸುದ್ದಿ ತಲುಪಿಸಲು ಪತ್ರಿಕಾ ಪ್ರಕಟಣೆಗಿಂತ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಾದ ವಿಆರ್‌ಡಬ್ಲ್ಯು, ತಾಲೂಕಿನ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರಾದ ಎಂಆರ್‌ಡಬ್ಲ್ಯು, ವಿಶೇಷ ಅಗತ್ಯದ ಮಕ್ಕಳನ್ನು ನೋಡಿಕೊಳ್ಳುವ ಬಿಐಇಆರ್‌ಟಿ ಶಿಕ್ಷಕರು ಮೇಲು. ಯಾವ ಮನೆಯಲ್ಲಿ ಯಾವ ಮಗು ಶಾಲೆ ಬಿಟ್ಟಿದೆ ಎಂಬುದು ಅವರಿಗೆ ಗೊತ್ತು.

ಸರ್ಕಾರಿ ವಿದ್ಯಾರ್ಥಿವೇತನದ ಷರತ್ತುಗಳನ್ನು ಓದಿಕೊಳ್ಳಿ. ಇನ್ನೊಂದು ವೇತನ ಪಡೆಯಬಾರದು ಎಂದಿದ್ದರೆ ನಮ್ಮ ಸಣ್ಣ ಮೊತ್ತದಿಂದ ಮಗುವಿಗೆ ದೊಡ್ಡದು ತಪ್ಪೀತು. ಆದೇಶಪತ್ರದಲ್ಲಿ ನಾವು ‘ಪ್ರಯಾಣ ಮತ್ತು ಸಲಕರಣೆ ಸಹಾಯಧನ’ ಎಂದೇ ಬರೆಯುತ್ತೇವೆ, ಹಣವೂ ಅದಕ್ಕೇ ಹೋಗುತ್ತದೆ.

ಹಣ ಕಳಿಸುವ ಮುನ್ನ ಒಂದು ರೂಪಾಯಿ ಹಾಕಿ ನೋಡಿ. ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾಕ್ಕೆ, ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿದರೂ ಹಳೇ ಪಾಸ್‌ಬುಕ್ಕಿನ ಐಎಫ್‌ಎಸ್‌ಸಿ ಬರೆದುಕೊಡುವವರು ಇದ್ದಾರೆ. ಎರಡು ವರ್ಷ ವಹಿವಾಟಿಲ್ಲದ ಖಾತೆ ನಿಷ್ಕ್ರಿಯವಾಗಿರುತ್ತದೆ. ಕೆವೈಸಿ ಮಾಡಿಸಲು ಮಗುವೇ ಬ್ಯಾಂಕಿನ ಮೆಟ್ಟಿಲು ಹತ್ತಬೇಕಾಗಬಹುದು, ಆದ್ದರಿಂದ ಏಪ್ರಿಲ್‌ನಲ್ಲೇ ವಿಚಾರಿಸಿ. ಜೂನ್‌ನಲ್ಲಿ 10,000, ನವೆಂಬರ್‌ನಲ್ಲಿ 5,000 ಹಾಕುತ್ತೇವೆ. ಆಗಸ್ಟ್‌ನ ಸಮಾರಂಭದವರೆಗೆ ಕಾದರೆ ಮಳೆಗಾಲದ ಆಟೊ ಖರ್ಚು ಸಾಲವಾಗುತ್ತದೆ.

ಸಮಾರಂಭ ಮಾಡುವುದಾದರೆ ವೇದಿಕೆ ಬೇಡ. ಎರಡಡಿ ಎತ್ತರದ ವೇದಿಕೆಗೆ 1:12ರ ಇಳಿಜಾರು ಹಾಕಲು 24 ಅಡಿ ಜಾಗ ಬೇಕು. ಅದಿಲ್ಲದಿದ್ದರೆ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ, ನಮ್ಮ ಮೇಷ್ಟ್ರು ಅದನ್ನು ಎಂದೂ ಒಪ್ಪಿದವರಲ್ಲ. ನೆಲಮಹಡಿಯ ತರಗತಿಯಲ್ಲಿ ಅವರ ಫೋಟೊ ಇಟ್ಟು, ಎಲ್ಲರೂ ಕುಳಿತಲ್ಲಿಗೇ ಹೋಗಿ ಪತ್ರ ಕೊಡುತ್ತೇವೆ. ಅದೇ ದಿನ ಮುಂದಿನ ವರ್ಷದ ಬುಷ್ ಅಳತೆಗಳನ್ನು ಗುರುತು ಮಾಡಿಕೊಳ್ಳುತ್ತೇವೆ.